ಹೊರದೇಶದ ಲಂಚ ಬಯಲಿಗೆಳೆಯುವ ಮುಂಚೆ: ಗಲ್ಫ್, ಯುರೋಪ್‌ನಲ್ಲಿ ದುಡಿಯುವ ಕಾಸರಗೋಡಿನವರಿಗೆ ಸಮಗ್ರ ಮಾರ್ಗದರ್ಶಿ

ಲಂಚಕ್ಕೆ ಯಾವ ಕಂಪನಿಯೂ ಲಂಚ ಅಂತ ವೋಚರ್ ಹಾಕುವುದಿಲ್ಲ. ಕನ್ಸಲ್ಟೆನ್ಸಿ ಚಾರ್ಜಸ್, ಏಜೆಂಟ್ ಕಮಿಷನ್, ಮಾರ್ಕೆಟಿಂಗ್ ಸಪೋರ್ಟ್, ಹೀಗೆ ಏನೋ ಒಂದು ಹೆಸರು. ಆ ವೋಚರನ್ನು ಸಿಸ್ಟಮ್‌ಗೆ ಏರಿಸುವ ಕೆಲಸ ಮಾತ್ರ ಎಷ್ಟೋ ಸಲ ನಮ್ಮವರ ಪಾಲಿಗೆ ಬರುತ್ತದೆ. ಕುಂಬಳೆ, ಉಪ್ಪಳ, ಬದಿಯಡ್ಕ, ಮಂಜೇಶ್ವರ ಕಡೆಯಿಂದ ದುಬೈ, ದೋಹಾ, ಮಸ್ಕತ್‌ಗೆ ಹೋದವರಲ್ಲಿ ಅಕೌಂಟ್ಸ್‌ನಲ್ಲೋ ಪರ್ಚೇಸ್‌ನಲ್ಲೋ ಇರುವವರು, ಪಿಆರ್‌ಒ ಆಗಿರುವವರು ಕಡಿಮೆಯೇನಲ್ಲ. ಸರ್ಕಾರಿ ಕಚೇರಿಗೆ ಓಡಾಡುವ ಪಿಆರ್‌ಒಗೆ ಎಲ್ಲ ಗೊತ್ತಿರುತ್ತದೆ. ಸಹಿ ಹಾಕುವ ದೊಡ್ಡವರಿಗೆ ಮಾತ್ರ, ಕೇಳಿದರೆ, ಏನೂ ಗೊತ್ತಿರುವುದಿಲ್ಲ.

ಇಂಥದ್ದನ್ನು ಕಂಡವರು ಮೊದಲು ಕೇಳುವುದು, ‘ಬಾಯಿ ಬಿಟ್ಟರೆ ನನಗೆ ರಕ್ಷಣೆ ಇದೆಯಾ?’ ಅಂತ. ಉತ್ತರ ಸ್ವಲ್ಪ ಕಹಿ. ನಿಮ್ಮಿಂದ ಮಾಹಿತಿ ತೆಗೆದುಕೊಳ್ಳುವ ಕಾನೂನು ಸಲೀಸಾಗಿ ಗಡಿ ದಾಟಿ ಬರುತ್ತದೆ. ನಿಮ್ಮ ನೌಕರಿ ಉಳಿಸುವ ಕಾನೂನು ದಾಟುವುದಿಲ್ಲ, ಇಲ್ಲವೇ ಅರ್ಧ ದಾರಿಗೆ ನಿಂತುಬಿಡುತ್ತದೆ. ಅಮೆರಿಕದ ಸರ್ಕಾರ ನಿಮಗೆ ಕೋಟಿಗಟ್ಟಲೆ ಬಹುಮಾನ ಕೊಡಬಹುದು, ಆದರೆ ದುಬೈಯ ಬಾಸ್ ನಿಮ್ಮ ವೀಸಾ ಕ್ಯಾನ್ಸಲ್ ಮಾಡಿದರೆ ಅದನ್ನು ತಡೆಯಲು ಅದಕ್ಕೆ ಆಗುವುದಿಲ್ಲ. ಹಾಗಾಗಿ ಯಾವ ಕೆಲಸ ಮೊದಲು, ಯಾವುದು ಆಮೇಲೆ ಅನ್ನುವುದರ ಮೇಲೇ ಎಲ್ಲ ನಿಂತಿದೆ. ಆ ಕ್ರಮದಲ್ಲೇ ಬರೆಯುತ್ತೇನೆ.

ಮೊದಲ ಹೆಜ್ಜೆ: ಕಂಪನಿ ಯಾವ ದೇಶದ ಕೈಗೆ ಸಿಗುತ್ತದೆ, ನೋಡಿ

ಲಂಚ ಕೊಟ್ಟದ್ದು ಎಲ್ಲಿ ಅನ್ನುವುದಕ್ಕಿಂತ ಕೊಟ್ಟ ಕಂಪನಿ ಯಾರದ್ದು ಅನ್ನುವುದು ಇಲ್ಲಿ ಹೆಚ್ಚು ಮುಖ್ಯ. ಹೊರದೇಶದ ಅಧಿಕಾರಿಗೆ ಲಂಚ ಕೊಡುವುದನ್ನು ಅಪರಾಧ ಮಾಡಿದ ಮೊದಲ ದೊಡ್ಡ ಕಾನೂನು ಅಮೆರಿಕದ ಎಫ್‌ಸಿಪಿಎ, 1977ರದ್ದು. ಅಮೆರಿಕದ ಕಂಪನಿಗಳಿಗೆ ಮಾತ್ರವಲ್ಲ, ಅಲ್ಲಿನ ಷೇರುಪೇಟೆಯಲ್ಲಿ ಪಟ್ಟಿಯಾದ ಬೇರೆ ದೇಶದ ಕಂಪನಿಗಳಿಗೂ ಅದು ಅನ್ವಯ. ನಮ್ಮ ಇನ್ಫೋಸಿಸ್, ವಿಪ್ರೋ ಎರಡರ ಎಡಿಆರ್‌ಗಳೂ (ಅಂದರೆ ಇಲ್ಲಿನ ಷೇರಿನ ಬದಲು ಅಲ್ಲಿ ಮಾರುವ ರಸೀದಿಗಳು) ನ್ಯೂಯಾರ್ಕ್‌ನಲ್ಲಿ ವಹಿವಾಟಾಗುತ್ತವೆ, ಅಂದರೆ ಅವೂ ಆ ಕಾನೂನಿನ ವ್ಯಾಪ್ತಿಯೊಳಗೇ.

ಇದು ಕಾಗದದ ಮೇಲಿನ ಮಾತಲ್ಲ. ಚೆನ್ನೈಯಲ್ಲಿ ಕ್ಯಾಂಪಸ್ ಕಟ್ಟುವ ಪರವಾನಗಿಗಾಗಿ ತಮಿಳುನಾಡಿನ ಅಧಿಕಾರಿಯೊಬ್ಬರಿಗೆ 20 ಲಕ್ಷ ಡಾಲರ್ ಲಂಚಕ್ಕೆ ಒಪ್ಪಿಗೆ ಕೊಟ್ಟರು ಅನ್ನುವ ಆರೋಪದಲ್ಲಿ ಕಾಗ್ನಿಜೆಂಟ್ ಕಂಪನಿ 2019ರಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿಗೆ ಸುಮಾರು 2.5 ಕೋಟಿ ಡಾಲರ್ ಕಟ್ಟಿ, ಆರೋಪವನ್ನು ಒಪ್ಪದೆ, ಅಲ್ಲಗಳೆಯದೆ ಇತ್ಯರ್ಥ ಮಾಡಿಕೊಂಡಿತು. ಪರವಾನಗಿ ಚೆನ್ನೈಯದ್ದು, ಅಧಿಕಾರಿ ತಮಿಳುನಾಡಿನವರು, ದಂಡ ಹೋದದ್ದು ವಾಷಿಂಗ್ಟನ್‌ಗೆ.

ಬ್ರಿಟನ್‌ನ ಬ್ರೈಬರಿ ಕಾಯ್ದೆ 2010ರದ್ದು, ಜಾರಿಗೆ ಬಂದದ್ದು 2011ರ ಜುಲೈಯಲ್ಲಿ. ಇದು ಇನ್ನೂ ಬಿಗಿ. ಬ್ರಿಟನ್‌ನಲ್ಲಿ ವ್ಯವಹಾರ ಇರುವ ಕಂಪನಿ ತನ್ನ ಪರವಾಗಿ ಯಾರೋ ಏಜೆಂಟ್ ಕೊಟ್ಟ ಲಂಚವನ್ನು ತಡೆಯಲಿಲ್ಲ ಅಂದರೆ ಅದೇ ಅಪರಾಧ. ತಪ್ಪಿಸಿಕೊಳ್ಳಬೇಕಾದರೆ, ತಡೆಯಲು ತಕ್ಕ ವ್ಯವಸ್ಥೆ ಇಟ್ಟುಕೊಂಡಿದ್ದೆವು ಅಂತ ಕಂಪನಿಯೇ ತೋರಿಸಬೇಕು.

ಭಾರತದ ಕಥೆ? ಹೆಚ್ಚಾಗಿ ಶ್ರೀಮಂತ ದೇಶಗಳೇ ಇರುವ ಒಇಸಿಡಿ ಕೂಟದ 1997ರ ಲಂಚವಿರೋಧಿ ಒಪ್ಪಂದಕ್ಕೆ ನಾವು ಸೇರಿಲ್ಲ. ವಿಶ್ವಸಂಸ್ಥೆಯ ಭ್ರಷ್ಟಾಚಾರ ವಿರೋಧಿ ಒಪ್ಪಂದವನ್ನು 2011ರಲ್ಲಿ ಅನುಮೋದಿಸಿದೆವು, ಅದೇ ವರ್ಷ ಹೊರದೇಶದ ಅಧಿಕಾರಿಗಳಿಗೆ ಲಂಚ ಕೊಡುವುದನ್ನು ತಡೆಯುವ ಮಸೂದೆಯೂ ಲೋಕಸಭೆಗೆ ಬಂತು, 2014ರಲ್ಲಿ ಬಿದ್ದುಹೋಯಿತು. ಭ್ರಷ್ಟಾಚಾರ ತಡೆ ಕಾಯ್ದೆ ನೋಡುವುದು ನಮ್ಮ ಅಧಿಕಾರಿಗಳಿಗೆ ಕೊಟ್ಟ ಲಂಚವನ್ನು. ಹಾಗಾಗಿ ಭಾರತದ ಕಂಪನಿಯೊಂದು ಆಫ್ರಿಕಾದಲ್ಲಿ ಮಂತ್ರಿಯ ಕೈ ಬಿಸಿ ಮಾಡಿತು ಅಂತ ಕಾಸರಗೋಡು ಠಾಣೆಗೆ ಹೋದರೆ ನಿಮ್ಮ ದೂರನ್ನು ಯಾವ ಸೆಕ್ಷನ್‌ನಲ್ಲಿ ಕೂರಿಸುವುದು ಅಂತ ಅವರಿಗೂ ತೋಚುವುದಿಲ್ಲ.

ಆದ್ದರಿಂದ ಒಂದು ಸಂಜೆ ಕೂತು ಇಷ್ಟು ಹುಡುಕಿ: ನಿಮ್ಮ ಕಂಪನಿಯ ಮೂಲ ಕಂಪನಿ ಯಾವುದು, ಅದು ಎಲ್ಲಿ ನೋಂದಣಿಯಾಗಿದೆ, ಯಾವ ಷೇರುಪೇಟೆಯಲ್ಲಿದೆ, ಹಣ ಡಾಲರ್‌ನಲ್ಲಿ ಹೋಗಿದೆಯಾ, ಯೋಜನೆಗೆ ವಿಶ್ವಬ್ಯಾಂಕ್ ಸಾಲ ಇದೆಯಾ. ಕೊನೆಯದ್ದನ್ನು ಜನ ಮರೆಯುತ್ತಾರೆ. ವಿಶ್ವಬ್ಯಾಂಕ್‌ಗೆ ಸ್ವಂತ ತನಿಖಾ ವಿಭಾಗವೇ ಇದೆ, ಹೆಸರು ಹೇಳದೆಯೂ ಅಲ್ಲಿ ದೂರು ಕೊಡಬಹುದು, ಸಾಬೀತಾದರೆ ಕಂಪನಿಯನ್ನು ಕಪ್ಪುಪಟ್ಟಿಗೆ ಹಾಕುತ್ತಾರೆ. ಟೆಂಡರ್ ನಂಬಿ ಬದುಕುವ ಕಂಪನಿಗಳಿಗೆ ದಂಡಕ್ಕಿಂತ ಅದರ ಭಯ ಜಾಸ್ತಿ.

ಎರಡನೇ ಹೆಜ್ಜೆ: ನೀವು ನೋಡಿದ್ದು ಲಂಚವೇ?

ನಗದು ಕವರ್ ಮಾತ್ರ ಲಂಚ ಅಂದುಕೊಳ್ಳಬೇಡಿ. ಬೆಲೆ ಇರುವ ಯಾವುದೂ ಆಗಬಹುದು: ಮಗನ ಕಾಲೇಜು ಫೀಸು, ಕುಟುಂಬದ ಪ್ರವಾಸ, ಟ್ರಸ್ಟ್‌ಗೆ ದೇಣಿಗೆ, ಕೊನೆಗೆ ಕೆಲಸ ಕೊಡಿಸುವುದೂ. ಚೀನಾದ ಅಧಿಕಾರಿಗಳ ಮಕ್ಕಳು, ನೆಂಟರಿಗೆ ಕೆಲಸ, ಇಂಟರ್ನ್‌ಶಿಪ್ ಕೊಟ್ಟು ವ್ಯವಹಾರ ಹಿಡಿದ ಪ್ರಕರಣದಲ್ಲಿ ಜೆಪಿ ಮೋರ್ಗನ್ 2016ರಲ್ಲಿ ಸುಮಾರು 26.4 ಕೋಟಿ ಡಾಲರ್ ಕಟ್ಟಿತು.

ಒಂದು ಸೂಕ್ಷ್ಮ ಇದೆ. ಕಾನೂನುಬದ್ಧವಾಗಿ ಆಗಲೇಬೇಕಾದ ಮಾಮೂಲಿ ಕೆಲಸ ಬೇಗ ಮುಗಿಯಲಿ ಅಂತ ಕೊಟ್ಟ ಸಣ್ಣ ಮೊತ್ತವನ್ನು ಎಫ್‌ಸಿಪಿಎ ಹೊರಗಿಡುತ್ತದೆ, ಬ್ರಿಟನ್‌ನ ಕಾಯ್ದೆ ಹೊರಗಿಡುವುದಿಲ್ಲ. ಬಂದರಿನಲ್ಲಿ ಗುಮಾಸ್ತನಿಗೆ ಚಹಾ ದುಡ್ಡು ಕೊಟ್ಟದ್ದನ್ನು ಹಿಡಿದುಕೊಂಡು ವಾಷಿಂಗ್ಟನ್‌ಗೆ ಬರೆಯುವುದು ಸುಮ್ನೆ ವ್ಯರ್ಥ.

ಆದರೆ ಎಫ್‌ಸಿಪಿಎಗೆ ಇನ್ನೊಂದು ಕೈ ಇದೆ, ಅಕೌಂಟ್ಸ್‌ನವರು ಗಮನಿಸಬೇಕಾದದ್ದು ಅದನ್ನೇ. ಷೇರುಪೇಟೆಯ ಕಂಪನಿ ಲೆಕ್ಕಪುಸ್ತಕವನ್ನು ಸರಿಯಾಗಿ ಇಟ್ಟಿರಬೇಕು. ಹಣ ಅಧಿಕಾರಿಯ ಕೈ ಸೇರಿದ್ದನ್ನು ನೀವು ಕಣ್ಣಾರೆ ನೋಡಿರಲಿಕ್ಕಿಲ್ಲ. ಆದರೆ ಸುಳ್ಳು ಹೆಸರಲ್ಲಿ ಖರ್ಚು ಬರೆದದ್ದು ನಿಮ್ಮ ಮುಂದೆಯೇ ನಡೆದಿರುತ್ತದೆ, ಅಲ್ವಾ? ಅದೂ ಉಲ್ಲಂಘನೆಯೇ.

ಒಂದು ಇನ್‌ವಾಯ್ಸ್ ಹೇಗಿರುತ್ತದೆ ನೋಡಿ. ಕೆಲಸದ ವಿವರ ಒಂದೇ ಸಾಲು, ‘ಪ್ರೊಫೆಷನಲ್ ಸರ್ವಿಸಸ್’. ಮೊತ್ತ ದುಂಡು, ಚಿಲ್ಲರೆ ಇಲ್ಲ. ಏಜೆಂಟ್ ಕಂಪನಿ ಶುರುವಾದದ್ದು ಟೆಂಡರ್ ಕರೆಯುವುದಕ್ಕೆ ಎರಡು ತಿಂಗಳು ಮುಂಚೆ. ಕಂಪನಿ ಒಂದು ದೇಶದ್ದು, ಬ್ಯಾಂಕ್ ಖಾತೆ ಇನ್ನೊಂದು ದೇಶದ್ದು. ಒಪ್ಪಂದದ ಪ್ರತಿ ಕೇಳಿದರೆ ‘ಅದು ಎಂಡಿ ಹತ್ತಿರ ಇದೆ’. ಇವುಗಳಲ್ಲಿ ಒಂದೇ ಇದ್ದರೆ ಏನೂ ಅಲ್ಲ, ಐದೂ ಸೇರಿದರೆ ಮುಂದಿನ ಹೆಜ್ಜೆಗೆ ಹೋಗಿ.

ಮೂರನೇ ಹೆಜ್ಜೆ: ನೀವು ಕೂತಿರುವ ಜಾಗದಲ್ಲಿ ನಿಮಗೇನಿದೆ?

ಜಾಸ್ತಿ ಜನ ಮೋಸಹೋಗುವುದು ಇಲ್ಲಿ, ಸ್ವಲ್ಪ ನಿಧಾನವಾಗಿ ಓದಿ.

ಅಮೆರಿಕದ ಡಾಡ್-ಫ್ರಾಂಕ್ ಕಾಯ್ದೆ 2010ರದ್ದು. ವಿಸಲ್‌ಬ್ಲೋವರ್‌ಗೆ (ಅಂದರೆ ತಪ್ಪನ್ನು ಬಯಲಿಗೆಳೆದವರಿಗೆ) ಸೇಡಿನಿಂದ ರಕ್ಷಣೆ, ಬಾಕಿ ಸಂಬಳದ ಎರಡು ಪಟ್ಟು ಪರಿಹಾರ, ಮೇಲಿಂದ ಬಹುಮಾನ. ಓದಲು ಚಂದ. ಸೀಮೆನ್ಸ್‌ನ ಚೀನಾ ಘಟಕದಲ್ಲಿ ಕಂಪ್ಲಯನ್ಸ್ ಅಧಿಕಾರಿಯಾಗಿದ್ದ, ಅಂದರೆ ಕಂಪನಿ ನಿಯಮ ಪಾಲಿಸುತ್ತಿದೆಯಾ ಅಂತ ನೋಡುತ್ತಿದ್ದ, ತೈವಾನ್‌ನವರೊಬ್ಬರು ಉತ್ತರ ಕೊರಿಯಾ ಮತ್ತು ಚೀನಾದ ಅಧಿಕಾರಿಗಳಿಗೆ ಹಣ ಹೋಗುತ್ತಿದೆ ಅಂತ ಒಳಗೆ ದೂರು ಕೊಟ್ಟು ಕೆಲಸ ಕಳೆದುಕೊಂಡರು. ನ್ಯೂಯಾರ್ಕ್‌ನಲ್ಲಿ ಕೇಸು ಹಾಕಿದರು. 2014ರಲ್ಲಿ ಮೇಲ್ಮನವಿ ಕೋರ್ಟು, ಕೆಲಸ ಹೊರದೇಶದ್ದು, ಸೇಡು ಹೊರದೇಶದ್ದು, ಈ ರಕ್ಷಣೆ ಅಲ್ಲಿಗೆ ತಲುಪುವುದಿಲ್ಲ ಅಂದುಬಿಟ್ಟಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಅಮೆರಿಕದ ಹೊರಗೆ ವಾಸಿಸುವ ಇನ್ನೊಬ್ಬ ಮಾಹಿತಿದಾರರಿಗೆ ಎಸ್‌ಇಸಿ 3 ಕೋಟಿ ಡಾಲರಿಗಿಂತ ಜಾಸ್ತಿ ಬಹುಮಾನ ಘೋಷಿಸಿತು. ಬಹುಮಾನ ಹೊರದೇಶದವರಿಗೂ ಉಂಟು, ನೌಕರಿಯ ರಕ್ಷಣೆ ಇಲ್ಲ. ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ.

ನೀವು ಯುಎಇಯಲ್ಲಿದ್ದರೆ: ಅಲ್ಲಿನ 2021ರ ಕಾರ್ಮಿಕ ಕಾನೂನಿನ 47ನೇ ವಿಧಿ ಪ್ರಕಾರ, ಕಾರ್ಮಿಕ ಸಚಿವಾಲಯಕ್ಕೆ ಗಂಭೀರ ದೂರು ಕೊಟ್ಟ ಕಾರಣಕ್ಕೆ ಅಥವಾ ಕಂಪನಿ ಮೇಲೆ ಕೇಸು ಹಾಕಿದ ಕಾರಣಕ್ಕೆ ಕೆಲಸದಿಂದ ತೆಗೆದರೆ, ಆ ದೂರು ನಿಜ ಅಂತ ಸಾಬೀತಾದರೆ, ಅದು ಅಕ್ರಮ ವಜಾ. ಪರಿಹಾರ ಗರಿಷ್ಠ 3 ತಿಂಗಳ ಸಂಬಳ. ಲೆಕ್ಕ ಹಾಕಿ ನೋಡಿ, ಊರಲ್ಲಿ ಮನೆ ಸಾಲದ ಕಂತು ಇರುವವನಿಗೆ ಅದು ಎಷ್ಟು ದಿನಕ್ಕೆ ಸಾಕು? ದುಬೈಯ ಡಿಐಎಫ್‌ಸಿ, ಅಬುಧಾಬಿಯ ಎಡಿಜಿಎಂ ಅನ್ನುವ ಹಣಕಾಸು ವಲಯಗಳ ಒಳಗಿನ ಕಂಪನಿಗಳಿಗೆ ಬೇರೆಯೇ ನಿಯಮಗಳಿವೆ, ಅಲ್ಲಿ ವಿಸಲ್‌ಬ್ಲೋವರ್ ರಕ್ಷಣೆ ಎಷ್ಟೋ ಮೇಲು. ನಿಮ್ಮ ಕಂಪನಿಯ ಲೈಸೆನ್ಸ್ ಯಾರು ಕೊಟ್ಟದ್ದು ಅಂತ ಒಮ್ಮೆ ನೋಡಿಬಿಡಿ.

ಬ್ರಿಟನ್, ಐರ್ಲೆಂಡ್‌ನಲ್ಲಿದ್ದರೆ ನಿಮ್ಮ ಅದೃಷ್ಟ. ಬ್ರಿಟನ್‌ನ 1998ರ ಕಾನೂನು, ಐರ್ಲೆಂಡ್‌ನ 2014ರ ಕಾನೂನು, ಎರಡೂ ತಪ್ಪು ನಡೆದದ್ದು ಆ ದೇಶದಲ್ಲೇ ಆಗಿರಬೇಕಿಲ್ಲ ಅಂತ ಬಾಯಿಬಿಟ್ಟು ಹೇಳುತ್ತವೆ. ಡಬ್ಲಿನ್‌ನಲ್ಲಿ ಕೂತು ನೈಜೀರಿಯಾದ ಲಂಚದ ಬಗ್ಗೆ ಹೇಳಿದರೂ ರಕ್ಷಣೆ ಇದೆ. ಬ್ರಿಟನ್‌ನಲ್ಲಿ ಕೆಲಸದಿಂದ ತೆಗೆದ 7 ದಿನದೊಳಗೆ ಟ್ರಿಬ್ಯೂನಲ್‌ಗೆ ಮಧ್ಯಂತರ ಪರಿಹಾರದ ಅರ್ಜಿ ಹಾಕಬಹುದು. 7 ದಿನ ಅಂದರೆ 7 ದಿನವೇ, ಊರಿಗೆ ಫೋನ್ ಮಾಡಿ ಎಲ್ಲರ ಅಭಿಪ್ರಾಯ ಕೇಳುವಷ್ಟರಲ್ಲಿ ಮುಗಿದಿರುತ್ತದೆ.

ಯುರೋಪಿಯನ್ ಒಕ್ಕೂಟದ 2019ರ ನಿರ್ದೇಶನದ ಪ್ರಕಾರ 50 ಅಥವಾ ಅದಕ್ಕಿಂತ ಜಾಸ್ತಿ ನೌಕರರಿರುವ ಕಂಪನಿಗಳಲ್ಲಿ ದೂರಿನ ವ್ಯವಸ್ಥೆ ಇರಬೇಕು, 7 ದಿನದಲ್ಲಿ ಸ್ವೀಕೃತಿ ಕೊಡಬೇಕು, 3 ತಿಂಗಳಲ್ಲಿ ಏನು ಮಾಡಿದೆವು ಅಂತ ತಿಳಿಸಬೇಕು. ನಿಮ್ಮನ್ನು ಕೆಲಸದಿಂದ ತೆಗೆದರೆ, ದೂರಿಗೂ ಅದಕ್ಕೂ ಸಂಬಂಧ ಇಲ್ಲ ಅಂತ ಕಂಪನಿಯೇ ಸಾಬೀತು ಮಾಡಬೇಕು. ಆ ನಿರ್ದೇಶನ ಯುರೋಪ್‌ನ ಕೆಲವು ಕಾನೂನುಗಳಿಗೆ ಮಾತ್ರ ಸೀಮಿತ, ಆದರೆ ಹಲವು ದೇಶಗಳು ತಮ್ಮಲ್ಲಿ ಅದನ್ನು ಅಪರಾಧಗಳಿಗೂ ಹಿಗ್ಗಿಸಿವೆ. ಜರ್ಮನಿಯದ್ದು 2023ರ ಜುಲೈಯಿಂದ ಜಾರಿಯಲ್ಲಿದೆ.

ಇನ್ನು ಭಾರತದಲ್ಲೇ ಕೂತಿದ್ದರೆ, ಮಂಗಳೂರಿನ ಯಾವುದೋ ಬ್ಯಾಕ್ ಆಫೀಸಿನಲ್ಲೋ ಬೆಂಗಳೂರಿನಲ್ಲೋ. ಬಿಹಾರದ ಹೆದ್ದಾರಿ ಅಕ್ರಮ ಬರೆದು ತಿಳಿಸಿದ ಎಂಜಿನಿಯರ್ ಸತ್ಯೇಂದ್ರ ದುಬೆ 2003ರಲ್ಲಿ ಕೊಲೆಯಾದ ಮೇಲೆ 2004ರಲ್ಲಿ ಸರ್ಕಾರ ಇಂಥ ಮಾಹಿತಿದಾರರ ರಕ್ಷಣೆಗೆ ಒಂದು ನಿರ್ಣಯ ಹೊರಡಿಸಿತು. ಮರುವರ್ಷವೇ, ನಮ್ಮ ಕೆಜಿಎಫ್‌ನಲ್ಲಿ ಬೆಳೆದ ಹುಡುಗ ಮಂಜುನಾಥ್ ಷಣ್ಮುಗಂ, ಕಲಬೆರಕೆ ಪೆಟ್ರೋಲ್ ಹಿಡಿದದ್ದಕ್ಕೆ ಉತ್ತರ ಪ್ರದೇಶದಲ್ಲಿ ಗುಂಡಿಗೆ ಬಲಿಯಾದ. ವಿಸಲ್‌ಬ್ಲೋವರ್ ರಕ್ಷಣಾ ಕಾಯ್ದೆಗೆ ರಾಷ್ಟ್ರಪತಿ ಅಂಕಿತ ಬಿದ್ದದ್ದು 2014ರಲ್ಲಿ. ಬಿದ್ದ ಅಂಕಿತ ಹಾಗೇ ಕೂತಿದೆ, ಕಾಯ್ದೆ ಜಾರಿಗೆ ಬರಲಿಲ್ಲ. ಬಂದಿದ್ದರೂ ಅದು ಸರ್ಕಾರಿ ನೌಕರರ ವಿರುದ್ಧದ ದೂರಿಗೆ ಮಾತ್ರ.

ಕಂಪನಿ ಕಾಯ್ದೆಯ 177ನೇ ಸೆಕ್ಷನ್ ಪ್ರಕಾರ ಷೇರುಪೇಟೆಯಲ್ಲಿರುವ ಕಂಪನಿಗಳು, ಸಾರ್ವಜನಿಕರ ಠೇವಣಿ ಪಡೆಯುವವು, ಬ್ಯಾಂಕ್‌ಗಳಿಂದ 50 ಕೋಟಿ ರೂಪಾಯಿಗಿಂತ ಜಾಸ್ತಿ ಸಾಲ ಮಾಡಿರುವವು ವಿಜಿಲ್ ಮೆಕ್ಯಾನಿಸಂ, ಅಂದರೆ ಒಳಗೇ ದೂರು ಹೇಳುವ ವ್ಯವಸ್ಥೆ, ಇಡಲೇಬೇಕು, ಅಗತ್ಯ ಬಿದ್ದರೆ ಆಡಿಟ್ ಕಮಿಟಿ ಅಧ್ಯಕ್ಷರಿಗೇ ನೇರ ಹೇಳಲು ದಾರಿ ಇರಬೇಕು. ಸೇಡು ತೀರಿಸಬಾರದು ಅಂತಲೂ ಇದೆ. ತೀರಿಸಿದರೆ ಎಲ್ಲಿಗೆ ಹೋಗುವುದು ಅಂತ ಇಲ್ಲ. ಕಾರ್ಮಿಕ ಕಾನೂನು ಮ್ಯಾನೇಜರ್ ದರ್ಜೆಯವರನ್ನು ಹೊರಗಿಡುವುದರಿಂದ, ಕೊನೆಗೆ ಉಳಿಯುವುದು ಅಪಾಯಿಂಟ್‌ಮೆಂಟ್ ಆರ್ಡರ್‌ನ ಷರತ್ತು ಹಿಡಿದು ಸಿವಿಲ್ ಕೋರ್ಟು.

ನಾಲ್ಕನೇ ಹೆಜ್ಜೆ: ಕಾಗದಪತ್ರ ಜೋಡಿಸಿ, ಆದರೆ ಕಳ್ಳರಾಗಬೇಡಿ

ನಿಮ್ಮ ಕೆಲಸದ ಭಾಗವಾಗಿ ನಿಮ್ಮ ಟೇಬಲ್‌ಗೆ ಬಂದದ್ದು ಒಂದು, ಬೇರೆಯವರ ಪಾಸ್‌ವರ್ಡ್ ಹಾಕಿ ತೆಗೆದದ್ದು ಇನ್ನೊಂದು. ಎರಡನೆಯದ್ದು ಭಾರತದ ಐಟಿ ಕಾಯ್ದೆಯಲ್ಲೂ ಅಪರಾಧ, ಗಲ್ಫ್‌ನಲ್ಲಿ ಅದಕ್ಕಿಂತ ಕಠಿಣ. ಯುಎಇಯಲ್ಲಿ ಒಪ್ಪಿಗೆ ಇಲ್ಲದೆ ಮಾತು ರೆಕಾರ್ಡ್ ಮಾಡುವುದೇ ಕ್ರಿಮಿನಲ್ ಕೇಸು. ‘ಬಾಸ್ ಒಪ್ಪಿಕೊಂಡದ್ದು ಫೋನ್‌ನಲ್ಲಿ ಇದೆ’ ಅಂತ ಹಿಗ್ಗುವವರು ಇದನ್ನು ಎರಡು ಸಲ ಓದಲಿ.

ಕಂಪನಿ ಮೇಲ್‌ನಿಂದ ಸ್ವಂತ ಜಿಮೇಲ್‌ಗೆ ಫೈಲ್ ಕಳಿಸಬೇಡಿ, ಅದು ಐಟಿಯವರ ಲಾಗ್‌ನಲ್ಲಿ ಅಚ್ಚಾಗಿ ಕೂರುತ್ತದೆ. ಕಂಪನಿ ಲ್ಯಾಪ್‌ಟಾಪ್, ವೈಫೈ, ಪ್ರಿಂಟರ್ ಯಾವುದೂ ಬೇಡ. ಇಡೀ ಸರ್ವರ್ ಬಾಚಿಕೊಂಡು ಬರುವುದಕ್ಕಿಂತ ವಿಷಯಕ್ಕೆ ಬೇಕಾದ ಹತ್ತು ಪುಟ ಮೇಲು. ಕಂಪನಿಯ ವಕೀಲರ ಜತೆಗಿನ ಪತ್ರವ್ಯವಹಾರ ಮುಟ್ಟಲೇಬೇಡಿ, ಅದು ನಿಮ್ಮ ಇಡೀ ದೂರನ್ನೇ ಕೆಡಿಸಬಹುದು.

ಇದೆಲ್ಲಕ್ಕಿಂತ ಬೆಲೆಬಾಳುವುದು ಒಂದು ನೋಟ್‌ಬುಕ್. ತಾರೀಕು, ಸಮಯ, ಯಾರು ಏನಂದರು, ಯಾವ ವೋಚರ್ ನಂಬರ್, ಯಾರೆಲ್ಲ ಅಲ್ಲಿದ್ದರು. ಅದೇ ದಿನ ಬರೆಯಿರಿ, ನಿಮ್ಮ ಕೈಬರಹದಲ್ಲಿ, ಕನ್ನಡದಲ್ಲೇ ಆದರೂ ಸರಿ. ನಮ್ಮ ಜಿಲ್ಲೆಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಪಡ್ರೆಯ ಡಾ. ಮೋಹನ್ ಕುಮಾರ್ ತಮ್ಮ ರೋಗಿಗಳ ವಿವರ ಬರೆದಿಟ್ಟದ್ದರಿಂದಲೇ ಎಂಡೋಸಲ್ಫಾನ್ ವಿಷಯ ಹೊರಗೆ ಬರಲು ದಾರಿಯಾಯಿತು. ಪೆರಿಯದ ಲೀಲಾಕುಮಾರಿ ಅಮ್ಮ ಕೃಷಿ ಇಲಾಖೆಯ ನೌಕರಿಯಲ್ಲಿದ್ದುಕೊಂಡೇ 1998ರಲ್ಲಿ ಕೋರ್ಟಿಗೆ ಹೋದರು.

ವಾಟ್ಸಾಪ್ ಚಾಟ್ ಇದ್ದರೆ ಸ್ಕ್ರೀನ್‌ಶಾಟ್ ಮಾತ್ರ ಸಾಲದು, ಆ ಫೋನನ್ನೇ ಉಳಿಸಿಕೊಳ್ಳಿ. ಭಾರತದಲ್ಲಿ 2024ರ ಜುಲೈಯಿಂದ ಜಾರಿಗೆ ಬಂದ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಡಿಜಿಟಲ್ ಸಾಕ್ಷ್ಯಕ್ಕೆ ಹ್ಯಾಶ್ (ಫೈಲ್ ತಿದ್ದಿಲ್ಲ ಅಂತ ತೋರಿಸುವ ಸಂಕೇತ) ಸಮೇತ ಪ್ರಮಾಣಪತ್ರ ಬೇಕು. ಫೋನ್ ಮಾರಿ ಹೊಸದು ತೆಗೆದುಕೊಂಡರೆ ಆ ದಾರಿ ಮುಚ್ಚಿದ ಹಾಗೆ.

ಊರಿನವರಿಗೇ ಒಂದು ಮಾತು. ಈ ಕಾಗದಗಳನ್ನು ಅಕ್ಷಯ ಕೇಂದ್ರದಲ್ಲೋ ಪೇಟೆಯ ಜೆರಾಕ್ಸ್ ಅಂಗಡಿಯಲ್ಲೋ ಸ್ಕ್ಯಾನ್ ಮಾಡಿಸಬೇಡಿ. ಅವರು ಕೆಟ್ಟವರು ಅಂತಲ್ಲ. ಫೈಲ್ ಅವರ ಕಂಪ್ಯೂಟರಲ್ಲಿ ಉಳಿಯುತ್ತದೆ, ಅಲ್ಲಿ ಸಾಲಲ್ಲಿ ನಿಂತವನ ಭಾವ ನಿಮ್ಮದೇ ಕಂಪನಿಯ ಶಾರ್ಜಾ ಬ್ರಾಂಚಿನಲ್ಲಿರುತ್ತಾನೆ. ಅರ್ಧ ಮಲಯಾಳ, ಅರ್ಧ ಹಿಂದಿ, ನಡುವೆ ಬ್ಯಾರಿ ಇರುವ ಚಾಟ್‌ಗಳ ಅನುವಾದವನ್ನೂ ವಕೀಲರ ಮೂಲಕವೇ ಮಾಡಿಸಿ, ಮೂಲವನ್ನು ತಿದ್ದದೆ ಜತೆಗಿಡಿ.

ಐದನೇ ಹೆಜ್ಜೆ: ಒಳಗೆ ಹೇಳುವುದೋ, ಹೊರಗೆ ಹೇಳುವುದೋ?

ಕಂಪನಿಯವರು ಹಾಟ್‌ಲೈನ್‌ಗೆ ಹೇಳಿ ಅನ್ನುತ್ತಾರೆ. ಯುರೋಪ್‌ನಲ್ಲಿದ್ದರೆ ಹೇಳಬಹುದು. ಅಮೆರಿಕದ ಕಾನೂನು ನಂಬಿಕೊಂಡವರಿಗೆ ಒಂದು ತೀರ್ಪು ಗೊತ್ತಿರಬೇಕು: 2018ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಡಾಡ್-ಫ್ರಾಂಕ್ ರಕ್ಷಣೆ ಬೇಕಾದರೆ ಎಸ್‌ಇಸಿಗೆ ಹೇಳಿರಲೇಬೇಕು, ಕಂಪನಿಯೊಳಗೆ ಮಾತ್ರ ಹೇಳಿದವರಿಗೆ ಅದು ಸಿಗದು ಅಂತ ತೀರ್ಮಾನಿಸಿತು.

ಒಳಗೆ ಹೇಳಿದ 120 ದಿನದೊಳಗೆ ಎಸ್‌ಇಸಿಗೆ ಹೋದರೆ, ನೀವು ಒಳಗೆ ಹೇಳಿದ ದಿನವೇ ಎಸ್‌ಇಸಿಗೆ ಹೇಳಿದ ಹಾಗೆ ಲೆಕ್ಕ. ಅಷ್ಟರಲ್ಲಿ ಇನ್ನೊಬ್ಬ ಹೋಗಿ ಹೇಳಿದರೂ ನಿಮ್ಮ ಸರದಿ ತಪ್ಪುವುದಿಲ್ಲ. ಇಂಟರ್ನಲ್ ಆಡಿಟ್, ಕಂಪ್ಲಯನ್ಸ್ ಕೆಲಸದವರಿಗೆ ಲೆಕ್ಕ ತಿರುಗಾಮುರುಗಾ: ಅವರು ಸಾಮಾನ್ಯವಾಗಿ ಒಳಗೆ ತಿಳಿಸಿ 120 ದಿನ ಕಾದ ಮೇಲೆಯೇ ಬಹುಮಾನಕ್ಕೆ ಅರ್ಹರು, ಕೆಲವು ವಿನಾಯಿತಿ ಬಿಟ್ಟು.

ನನ್ನ ಅಭಿಪ್ರಾಯ ಕೇಳಿದರೆ, ಲಂಚಕ್ಕೆ ಹೇಳಿದವನೂ ಹಾಟ್‌ಲೈನ್ ವರದಿ ಓದುವವನೂ ಒಂದೇ ಮಹಡಿಯಲ್ಲಿ ಕೂತಿದ್ದರೆ ಒಳಗೆ ಹೇಳಬೇಡಿ. ಮೂಲ ಕಂಪನಿ ಬೇರೆ ದೇಶದಲ್ಲಿದ್ದು, ಆಡಿಟ್ ಕಮಿಟಿಗೆ ನೇರ ದಾರಿ ಇದ್ದರೆ ಯೋಚಿಸಬಹುದು. ಹೇಳುವುದಾದರೆ ಬರಹದಲ್ಲೇ ಹೇಳಿ, ಚಹಾ ಕುಡಿಯುತ್ತಾ ಬೇಡ.

ಎನ್‌ಡಿಎ, ಅಂದರೆ ಗುಟ್ಟು ಬಿಟ್ಟುಕೊಡುವುದಿಲ್ಲ ಅನ್ನುವ ಒಪ್ಪಂದ, ಸಹಿ ಮಾಡಿದ್ದೇನೆ ಅಂತ ಹೆದರುವವರಿಗೆ: ಎಸ್‌ಇಸಿಗೆ ಮಾಹಿತಿ ಕೊಡುವುದನ್ನು ತಡೆಯುವ ಯಾವ ಒಪ್ಪಂದವನ್ನೂ ಅಲ್ಲಿನ ನಿಯಮ ಒಪ್ಪುವುದಿಲ್ಲ. ಒಳಗಿನ ವಿಚಾರಣೆಯ ಬಗ್ಗೆ ಅನುಮತಿ ಇಲ್ಲದೆ ಹೊರಗೆ ಮಾತಾಡಿದರೆ ಶಿಸ್ತುಕ್ರಮ ಅಂತ ನೌಕರರಿಂದ ಸಹಿ ಹಾಕಿಸಿದ್ದ ಕೆಬಿಆರ್ ಕಂಪನಿಗೆ 2015ರಲ್ಲಿ 1.3 ಲಕ್ಷ ಡಾಲರ್ ದಂಡ ಬಿತ್ತು. ಆದರೆ ಇದು ಎಸ್‌ಇಸಿಗೆ ಕೊಟ್ಟ ಮಾಹಿತಿಗೆ ಮಾತ್ರ. ಫೇಸ್‌ಬುಕ್ ಲೈವ್, ಊರಿನ ವಾಟ್ಸಾಪ್ ಗುಂಪು, ಯೂಟ್ಯೂಬ್ ಚಾನೆಲ್, ಇವುಗಳಿಗೆ ಈ ರಕ್ಷಣೆ ಇಲ್ಲ, ಯುಎಇಯಲ್ಲಿ ಅದು ನೇರ ಸೈಬರ್ ಕೇಸು. ಭಾರತದ ಮಾನನಷ್ಟ ಕಾನೂನಿನಲ್ಲೂ ಅಧಿಕಾರವಿರುವವರಿಗೆ ಸದುದ್ದೇಶದಿಂದ ಕೊಟ್ಟ ದೂರಿಗೆ ವಿನಾಯಿತಿ ಇದೆ, ಗುಂಪಿನಲ್ಲಿ ಫಾರ್ವರ್ಡ್ ಮಾಡಿದ್ದಕ್ಕೆ ಇಲ್ಲ.

ಆರನೇ ಹೆಜ್ಜೆ: ದೂರು ಬರೆಯುವುದು

ಎಸ್‌ಇಸಿಗೆ ಟಿಸಿಆರ್ ಅನ್ನುವ ಫಾರ್ಮ್ ಇದೆ, ಆನ್‌ಲೈನಲ್ಲೇ ತುಂಬಬಹುದು. ಹೆಸರು ಮುಚ್ಚಿಟ್ಟು ಬಹುಮಾನವೂ ಬೇಕಾದರೆ ವಕೀಲರ ಮೂಲಕವೇ ಹಾಕಬೇಕು. ಹೆಸರು ಕೊಟ್ಟರೂ ಎಸ್‌ಇಸಿ ಅದನ್ನು ಗುಟ್ಟಾಗಿಡಬೇಕು, ಆದರೂ ವಿಚಾರಣೆಯ ಯಾವುದೋ ಹಂತದಲ್ಲಿ ಕೋರ್ಟಿಗೆ ಹೇಳಬೇಕಾಗಿ ಬರಬಹುದು. ಜತೆಗೆ ಮೂರು ಜನರಿಗೆ ಮಾತ್ರ ಗೊತ್ತಿರುವ ವಿಷಯವಾದರೆ ಹೆಸರಿಲ್ಲದಿದ್ದರೂ ಕಂಪನಿಗೆ ಊಹೆ ಕಷ್ಟವಲ್ಲ. ವಕೀಲರನ್ನು ಹುಡುಕುವಾಗ ಗೆದ್ದರೆ ಮಾತ್ರ ಪಾಲು ತೆಗೆದುಕೊಳ್ಳುವವರನ್ನು ನೋಡಿ. ಮುಂಗಡ ಲಕ್ಷಗಟ್ಟಲೆ ಕೇಳುವವರಿಂದ ದೂರ ಇರಿ.

ಬರೆಯುವಾಗ ಕಣ್ಣಾರೆ ನೋಡಿದ್ದು, ಕೇಳಿದ್ದು, ಊಹಿಸಿದ್ದು ಮೂರನ್ನೂ ಬೇರೆ ಬೇರೆ ಇಡಿ. ಉದಾಹರಣೆಗೆ ಹೀಗೆ: ‘ಮಾರ್ಚ್ 3ರಂದು ಈ ನಂಬರಿನ ವೋಚರ್‌ನಲ್ಲಿ 1,80,000 ದಿರ್ಹಾಮ್ ಈ ಏಜೆಂಟ್ ಕಂಪನಿಗೆ ಹೋಯಿತು. ನಮೂದಿಸಿದ್ದು ನಾನು. ಒಪ್ಪಂದದಲ್ಲಿ ಕೆಲಸದ ವಿವರ ಇಲ್ಲ. ಫೈನಾನ್ಸ್ ಮ್ಯಾನೇಜರ್ ಕಳಿಸಿದ ಮೇಲ್‌ನಲ್ಲಿ ಇಂದೇ ಅವರದ್ದು ಮುಗಿಸಿ ಅಂತ ಇದೆ, ಪ್ರತಿ ಲಗತ್ತಿಸಿದ್ದೇನೆ. ಮಾರ್ಚ್ 12ಕ್ಕೆ ಟೆಂಡರ್ ನಮಗೆ ಬಂತು. ಏಜೆಂಟ್ ಕಂಪನಿಯ ಮಾಲೀಕ ಆ ಅಧಿಕಾರಿಯ ಹೆಂಡತಿಯ ತಮ್ಮ ಅಂತ ಪಿಆರ್‌ಒ ಹೇಳಿದ್ದು ಕೇಳಿದ್ದೇನೆ. ಹಣ ಅಧಿಕಾರಿಗೆ ತಲುಪಿದೆ ಅನ್ನುವುದು ನನ್ನ ಊಹೆ.’ ಕೊನೆಯ ವಾಕ್ಯ ಬರೆಯಲು ಕೈ ನಡುಗುತ್ತದೆ, ದೂರು ದುರ್ಬಲ ಆಯಿತೇನೋ ಅನಿಸುತ್ತದೆ. ಇಲ್ಲ, ತನಿಖೆ ಮಾಡುವವರು ನಂಬುವುದು ಇಂಥವರನ್ನೇ. ವೋಚರ್ ನಮೂದಿಸಿದ್ದು ನಾನೇ ಅಂತ ಮುಚ್ಚಿಡದೆ ಹೇಳಿ. ನಿಮ್ಮ ಪಾಲಿದ್ದರೆ ಬಹುಮಾನ ಕಡಿಮೆಯಾಗಬಹುದು, ಆದರೆ ಅಷ್ಟಕ್ಕೇ ದಾರಿ ಮುಚ್ಚುವುದಿಲ್ಲ. ಸಹಿ ಹಾಕಿಸಿಕೊಂಡು ನಿಮ್ಮನ್ನೇ ಮುಂದೆ ತಳ್ಳುವ ಸಾಧ್ಯತೆ ಇದ್ದರೆ ಈ ಹಂತಕ್ಕೆ ಮುಂಚೆಯೇ ಕ್ರಿಮಿನಲ್ ವಕೀಲರ ಹತ್ತಿರ ಮಾತಾಡಿ.

ಈಗಿನ ಗಾಳಿ ಎತ್ತ ಬೀಸುತ್ತಿದೆ ಅನ್ನುವುದೂ ಗೊತ್ತಿರಲಿ. 2025ರ ಫೆಬ್ರವರಿಯಲ್ಲಿ ಟ್ರಂಪ್ ಎಫ್‌ಸಿಪಿಎ ಜಾರಿಗೆ 180 ದಿನದ ತಡೆ ಹಾಕಿದರು. ಜೂನ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆ ಹೊಸ ಮಾರ್ಗಸೂಚಿ ತಂದಿತು: ಅಮೆರಿಕದ ಕಂಪನಿಗಳಿಗೆ ನಷ್ಟವಾದ ಪ್ರಕರಣ, ದೇಶದ ಭದ್ರತೆಗೆ ಸಂಬಂಧಿಸಿದ್ದು, ಡ್ರಗ್ ಕೂಟಗಳ ನಂಟಿರುವುದು, ಇವಕ್ಕೆ ಆದ್ಯತೆ. ಕಾನೂನು ರದ್ದಾಗಿಲ್ಲ. ಹಾಗಾಗಿ ಆ ಟೆಂಡರ್‌ನಲ್ಲಿ ಸೋತದ್ದು ಅಮೆರಿಕದ ಕಂಪನಿ ಅಂತ ನಿಮಗೆ ಗೊತ್ತಿದ್ದರೆ ಅದನ್ನು ಮೂರನೇ ಪುಟದಲ್ಲಿ ಹೂತಿಡಬೇಡಿ, ಮೊದಲ ಪ್ಯಾರಾದಲ್ಲೇ ಬರೆಯಿರಿ.

ಊರಿನಲ್ಲಿ ಏನಾದರೂ ದೂರು ಕೊಡಬೇಕಾಗಿ ಬಂದರೆ ಕನ್ನಡದಲ್ಲೇ ಕೊಡಿ. ಸಂವಿಧಾನದ 350ನೇ ವಿಧಿ ದೇಶದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಹವಾಲು ಕೊಡಲು ಹಕ್ಕು ಕೊಟ್ಟಿದೆ. ಮಲಯಾಳ ಅರ್ಧಂಬರ್ಧ ಗೊತ್ತಿದ್ದು ಬೇರೆಯವರು ಬರೆದದ್ದಕ್ಕೆ ಸಹಿ ಹಾಕುವುದು ಬೇಡ.

ಏಳನೇ ಹೆಜ್ಜೆ: ಸೇಡು ಶುರುವಾಗುವ ಮುಂಚೆ

ಗಲ್ಫ್‌ನಲ್ಲಿ ಸೇಡು ವಜಾ ಪತ್ರದಿಂದ ಶುರುವಾಗುವುದು ಕಡಿಮೆ. ಅಬ್ಸ್ಕಾಂಡಿಂಗ್ (ಕೆಲಸ ಬಿಟ್ಟು ತಲೆಮರೆಸಿಕೊಂಡಿದ್ದಾನೆ) ಅಂತ ಸುಳ್ಳು ದೂರು, ನಂಬಿಕೆದ್ರೋಹದ ಪೊಲೀಸ್ ಕೇಸು, ಅದರ ಬೆನ್ನಿಗೆ ಟ್ರಾವೆಲ್ ಬ್ಯಾನ್. ಆದ್ದರಿಂದ ದೂರು ಹಾಕುವ ಮುಂಚೆ ಪಾಸ್‌ಪೋರ್ಟ್ ನಿಮ್ಮ ಕೈಯಲ್ಲಿರಲಿ, ಯುಎಇಯಲ್ಲಿ ಅದನ್ನು ಕಂಪನಿ ಇಟ್ಟುಕೊಳ್ಳುವಂತಿಲ್ಲ. ಕಾರ್ಮಿಕ ಒಪ್ಪಂದ, ಸಂಬಳದ ಸ್ಲಿಪ್, ಹಾಜರಿ ದಾಖಲೆಗಳ ಪ್ರತಿ ಮನೆಗೆ ತಲುಪಲಿ. ಕಂಪನಿಗೆ ಕೊಟ್ಟ ಖಾಲಿ ಚೆಕ್ ಇದ್ದರೆ ಮೊದಲು ಅದನ್ನು ಬಗೆಹರಿಸಿಕೊಳ್ಳಿ. ಸಾಧ್ಯವಾದರೆ ರಜೆಯಲ್ಲಿ ಊರಿಗೆ ಬಂದ ಮೇಲೆ, ಮಂಗಳೂರಿನಲ್ಲಿ ಇಳಿದ ಮೇಲೆ ದೂರು ಸಲ್ಲಿಸುವುದು ಎಲ್ಲಕ್ಕಿಂತ ಸುರಕ್ಷಿತ. ವಾಪಸ್ ಹೋಗುವ ಯೋಚನೆ ಇದ್ದರೆ ಮಾತ್ರ ಲೆಕ್ಕ ಬೇರೆ.

ಕೆಲಸ ಬಿಟ್ಟರೆ ಯುಎಇಯಲ್ಲಿ 14 ದಿನದೊಳಗೆ ಬಾಕಿ ಕೊಡಬೇಕು. 2024ರ ತಿದ್ದುಪಡಿ ಪ್ರಕಾರ ಕೆಲಸ ಮುಗಿದ 2 ವರ್ಷದವರೆಗೆ ಬಾಕಿಗಾಗಿ ಕೇಳಬಹುದು, ಊರಿಗೆ ಬಂದಾಕ್ಷಣ ಹಕ್ಕು ಹೋಗುವುದಿಲ್ಲ. ವಿದೇಶಾಂಗ ಇಲಾಖೆಯ ಮದದ್ ಪೋರ್ಟಲ್, ಕೇರಳ ಸರ್ಕಾರದ ಅನಿವಾಸಿ ಇಲಾಖೆ ನೋರ್ಕಾದ ಪ್ರವಾಸಿ ಕಾನೂನು ನೆರವು ಘಟಕ ಇವೆ. ಸಂಬಳ ಬಾಕಿ, ಪಾಸ್‌ಪೋರ್ಟ್, ಸುಳ್ಳು ಕೇಸು ಅಂತ ಹೇಳಿದರೆ ಅವರಿಗೆ ಅರ್ಥವಾಗುತ್ತದೆ, ಎಫ್‌ಸಿಪಿಎ ಪುರಾಣ ಅಲ್ಲಿ ಬೇಡ.

ಊರಿನಲ್ಲಿ ಜೀವಬೆದರಿಕೆ ಬಂದರೆ, 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಸಾಕ್ಷಿ ರಕ್ಷಣಾ ಯೋಜನೆ ಇದೆ. ಜಿಲ್ಲಾ ನ್ಯಾಯಾಧೀಶರ ನೇತೃತ್ವದ ಸಮಿತಿಗೆ ಅರ್ಜಿ ಹೋಗುತ್ತದೆ. ಆದರೆ ಇಲ್ಲಿ ಯಾವುದಾದರೂ ಕ್ರಿಮಿನಲ್ ಪ್ರಕರಣದಲ್ಲಿ ನೀವು ಸಾಕ್ಷಿ ಆಗಿರಬೇಕು, ಬೆದರಿಕೆಗೇ ಒಂದು ಎಫ್‌ಐಆರ್ ಮಾಡಿಸಿಡಿ.

ಕಾನೂನು ಮುಟ್ಟದ ಸೇಡೊಂದಿದೆ. ನಿಮ್ಮನ್ನು ಆ ಕಂಪನಿಗೆ ಸೇರಿಸಿದ್ದು ಮಾವನೋ ದೊಡ್ಡಪ್ಪನ ಮಗನೋ ಆಗಿರುತ್ತಾನೆ. ಅವನೂ ಅಲ್ಲೇ ದುಡಿಯುತ್ತಿರುತ್ತಾನೆ. ‘ನೀನು ಮಾಡಿದ್ದಕ್ಕೆ ನನ್ನ ಅನ್ನ ಹೋಯಿತು’ ಅನ್ನುವ ಮಾತಿಗೆ ಯಾವ ಟ್ರಿಬ್ಯೂನಲ್ಲೂ ಉತ್ತರ ಕೊಡುವುದಿಲ್ಲ. ಅವನಿಗೆ ಮುಂಚೆ ಹೇಳಬೇಡಿ, ಹೇಳಿದರೆ ಅವನನ್ನೂ ಸಿಕ್ಕಿಸಿದ ಹಾಗೆ. ಮನೆಯಲ್ಲಿ ಒಬ್ಬರಿಗೆ, ಹೆಂಡತಿಗೋ ಗಂಡನಿಗೋ ಅಪ್ಪನಿಗೋ, ಕಾಗದ ಎಲ್ಲಿದೆ ಅಂತ ಮಾತ್ರ ತಿಳಿದಿರಲಿ.

ಬಹುಮಾನದ ವಿಷಯ

ಎಸ್‌ಇಸಿ ದಂಡ 10 ಲಕ್ಷ ಡಾಲರ್ ದಾಟಿದರೆ, ವಸೂಲಾದ ಹಣದ ಶೇಕಡಾ 10ರಿಂದ 30 ಮಾಹಿತಿದಾರರಿಗೆ. ಅತಿ ದೊಡ್ಡ ಮೊತ್ತ 2023ರ ಮೇ ತಿಂಗಳಲ್ಲಿ ಘೋಷಿಸಿದ 27.9 ಕೋಟಿ ಡಾಲರ್. ಷೇರುಪೇಟೆಯಲ್ಲಿಲ್ಲದ ಕಂಪನಿಗಳ ವಿಷಯಕ್ಕೆ ಅಮೆರಿಕದ ನ್ಯಾಯ ಇಲಾಖೆ 2024ರ ಆಗಸ್ಟ್‌ನಲ್ಲಿ ಇನ್ನೊಂದು ಬಹುಮಾನ ಯೋಜನೆ ಶುರು ಮಾಡಿತು, ಆದರೆ ಅಲ್ಲಿ ಕೊಡುವುದು ಬಿಡುವುದು ಅವರ ಇಷ್ಟ. ಹೊರದೇಶದ ಸರ್ಕಾರಿ ನೌಕರರಿಗೆ ಎಸ್‌ಇಸಿ ಬಹುಮಾನ ಇಲ್ಲ. ದೊಡ್ಡ ಮೊತ್ತ ನೋಡಿ ಕೆಲಸ ಬಿಡಬೇಡಿ, ದೂರು ಕೊಟ್ಟವರಲ್ಲಿ ಬಹುಪಾಲು ಜನರಿಗೆ ಏನೂ ಸಿಗುವುದಿಲ್ಲ, ಸಿಗುವವರಿಗೂ ವರ್ಷಗಳು ಹಿಡಿಯುತ್ತವೆ.

ಮತ್ತೆ, ಬಹುಮಾನ ತಾನಾಗಿ ಬರುವುದಿಲ್ಲ. ಪ್ರಕರಣ ಮುಗಿದ ಮೇಲೆ ಎಸ್‌ಇಸಿ ತನ್ನ ವೆಬ್‌ಸೈಟ್‌ನಲ್ಲಿ ನೋಟಿಸ್ ಹಾಕುತ್ತದೆ, ಆ ದಿನದಿಂದ 90 ದಿನದೊಳಗೆ ಡಬ್ಲ್ಯುಬಿ-ಎಪಿಪಿ ಅನ್ನುವ ಬೇರೆ ಫಾರ್ಮ್ ನೀವೇ ಹಾಕಬೇಕು. ಅಷ್ಟರಲ್ಲಿ ನೀವು ಸಿಮ್ ಬದಲಿಸಿರುತ್ತೀರಿ, ಇಮೇಲ್ ಪಾಸ್‌ವರ್ಡ್ ಮರೆತಿರುತ್ತೀರಿ. ದೂರಿಗೆ ಕೊಟ್ಟ ಇಮೇಲನ್ನು ಜೀವಂತ ಇಟ್ಟುಕೊಳ್ಳಿ, ಟಿಸಿಆರ್ ನಂಬರನ್ನು ಆಧಾರ್ ಕಾರ್ಡ್ ಜತೆಗೇ ಎತ್ತಿಡಿ, ತಿಂಗಳಿಗೊಮ್ಮೆ ಆ ಪಟ್ಟಿ ನೋಡಿ. ಹಣ ಬಂದರೆ ಬ್ಯಾಂಕ್‌ಗೆ ಬೀಳುವ ಮುಂಚೆಯೇ ಒಬ್ಬ ಸಿಎ ಹತ್ತಿರ ತೆರಿಗೆಯ ಲೆಕ್ಕ ಮಾಡಿಸಿ, ಅದೂ ಊರಿನಿಂದ ಸ್ವಲ್ಪ ದೂರದ ಸಿಎ.